ತೂಕದ ಕಾಟಾದಿಂದ ನಟ್ಟಿನ ಬಿಗಿ ಅಳೆಯುವುದು

ನಟ್ಟನ್ನು ಎಷ್ಟು ಬಿಗಿಯಬೇಕು? ನಮ್ಮ ಕಡೆ ಇದಕ್ಕೆ ಇರುವುದು ಎರಡೇ ಉತ್ತರ. ಒಂದು, "ಕೈಗೆ ಗೊತ್ತಾಗತೈತಿ". ಇನ್ನೊಂದು, "ಪಾನಾಕ್ಕೆ ಪೈಪ್ ಹಾಕಿ ಜಗ್ಗು". ಎತ್ತಿನ ಬಂಡಿಯ ಕಾಲದಲ್ಲಿ ಇಷ್ಟು ಸಾಕಾಗಿತ್ತು. ಈಗ ನಮ್ಮಂಥ ಒಣಬೇಸಾಯದವರ ಮನೆಯಲ್ಲೂ ಒಂದು ಹಳೇ ಓಮ್ನಿ, ಜೀಪು, ಇಲ್ಲವೇ ಎರಡನೇ ಕೈಯ ಟ್ರ್ಯಾಕ್ಟರ್ ಇರುತ್ತದೆ. ಇವುಗಳ ಎಂಜಿನ್ನಿನ ಹೆಡ್ಡು ಹಲವು ಗಾಡಿಗಳಲ್ಲಿ ಅಲ್ಯೂಮಿನಿಯಂ. ಅದನ್ನು ಕೈ ಅಂದಾಜಿನ ಮೇಲೆ ಬಿಗಿದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಅತಿ. ಆರು ತಿಂಗಳಿಗೆ ಗ್ಯಾಸ್ಕೆಟ್ ಹೋಗುತ್ತದೆ, ನೀರು ಎಣ್ಣೆಯಲ್ಲಿ ಸೇರುತ್ತದೆ. ಆ ಖರ್ಚು ಒಂದು ಎಕರೆ ಹೆಸರಿನ ಲಾಭವನ್ನು ನುಂಗಿ ಹಾಕುತ್ತದೆ.

ಬಿಗಿಯನ್ನು ಅಳೆಯಲಿಕ್ಕೆ ಟಾರ್ಕ್ ರೆಂಚ್ ಎಂಬ ಸಾಮಾನು ಇದೆ. ಅಮೆರಿಕದಲ್ಲಿ 1930ರ ದಶಕದಿಂದಲೇ ಅದು ಬಳಕೆಗೆ ಬಂತು. ನಮ್ಮ ಹುಬ್ಬಳ್ಳಿಯ ಪೇಟೆಯಲ್ಲೂ ಸಿಗುತ್ತದೆ. ಒಳ್ಳೆ ಕಂಪನಿಯದು ಬೇಕೆಂದರೆ ಕೆಲವು ಸಾವಿರ ರೂಪಾಯಿ. ವರ್ಷಕ್ಕೆ ಎರಡು ಸಲ ಮುಟ್ಟುವ ಸಾಮಾನಿಗೆ ಅಷ್ಟು ಹಣ ಹಾಕಲು ನನಗೆ ಮನಸ್ಸಾಗಲಿಲ್ಲ. ಹಾಗಂತ ಅಳತೆಯನ್ನೇ ಬಿಡುವ ಹಾಗೂ ಇಲ್ಲ. ಎರಡು ವರ್ಷದ ಹಿಂದೆ ನಮ್ಮ ಓಣಿಯವರೊಬ್ಬರ ಗಾಡಿ ಮೆಣಸಿನಕಾಯಿ ಚೀಲ ಹೇರಿಕೊಂಡು ಅಮರಗೋಳದ ಎಪಿಎಂಸಿಗೆ ಹೊರಟಿತ್ತು. ದಾರಿಯಲ್ಲಿ ಹಿಂದಿನ ಗಾಲಿಯ ಎರಡು ಸ್ಟಡ್ಡು ಮುರಿದು ಗಾಲಿ ಓಲಾಡತೊಡಗಿತು. ಒಳಗೆ ನಾಲ್ಕು ಜನ ಇದ್ದರು. ಮೆಲ್ಲಗೆ ಹೋಗುತ್ತಿದ್ದುದರಿಂದ ಬಚಾವಾದರು. ಅದಕ್ಕೆ ವಾರದ ಹಿಂದೆ ಒಂದು ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಆ ನಟ್ಟುಗಳನ್ನು ಬಿಗಿದಿದ್ದರು. ಸ್ಟಡ್ಡು ಸಡಿಲಾಗಿ ಮುರಿದದ್ದಲ್ಲ, ಜಗ್ಗಿ ಜಗ್ಗಿ ಸೋತು ಮುರಿದದ್ದು ಎಂದು ಬಿಚ್ಚಿ ನೋಡಿದ ಮಿಸ್ತ್ರಿ ಹೇಳಿದರು.

ನಾನು ಏಳನೇತ್ತೆ ಓದಿದವ. ಆದರೆ ಈ ಲೆಕ್ಕಕ್ಕೆ ಅಷ್ಟು ಓದು ಸಾಕು. ಹೊಲದಲ್ಲಿ ಹೂತ ಕಲ್ಲನ್ನು ಹಾರೆಯಿಂದ ಮೀಟುತ್ತೇವಲ್ಲ, ಅದೇ ವಿದ್ಯೆ. ಹಾರೆ ಉದ್ದವಿದ್ದಷ್ಟೂ ಕಡಿಮೆ ಬಲದಲ್ಲಿ ಕಲ್ಲು ಏಳುತ್ತದೆ. ನಟ್ಟು ತಿರುಗಿಸುವ ಬಲವೂ ಹಾಗೆ: ಎಳೆದ ತೂಕವನ್ನು ಹಿಡಿಕೆಯ ಉದ್ದದಿಂದ ಗುಣಿಸಿದರೆ ಬರುವುದೇ ಬಿಗಿ. ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ 6 ಕೆಜಿ ಬಲ ಹಾಕಿದರೆ 6 ಕೆಜಿ-ಮೀಟರ್ ಬಿಗಿ. (ಇದು ಕಿಲೋಮೀಟರ್ ಅಲ್ಲ, ಕೆಜಿಯನ್ನು ಮೀಟರಿನಿಂದ ಗುಣಿಸಿದ್ದು. ನಮ್ಮ ಮಗಳು ಮೊದಲ ಸಲ ಓದಿ "ಆರು ಕಿಲೋಮೀಟರ್ ಬಿಗಿಯೋದು ಹೆಂಗ ಅಪ್ಪಾ" ಎಂದು ನಕ್ಕಿದ್ದಳು.) ಅರ್ಧ ಮೀಟರ್ ಹಿಡಿಕೆಯಾದರೆ ಅದೇ ಬಿಗಿಗೆ 12 ಕೆಜಿ ಬೇಕು.

ಅಂದಮೇಲೆ ಬೇಕಾದದ್ದು ಎರಡೇ. ಉದ್ದ ಅಳೆಯುವ ಟೇಪು, ತೂಕ ಅಳೆಯುವ ಕಾಟಾ. ಚೀಲ ತೂಗುವ ಸ್ಪ್ರಿಂಗ್ ಕಾಟಾ ನಮ್ಮಲ್ಲಿ ಬಹಳ ಜನರ ಮನೆಯಲ್ಲಿದೆ. ಇಲ್ಲದವರಿಗೆ ಕೊಕ್ಕೆ ಇರುವ 50 ಕೆಜಿಯ ಬ್ಯಾಟರಿ ಕಾಟಾ ಕೆಲವು ನೂರು ರೂಪಾಯಿಗೆ ತಕ್ಕಡಿ ಅಂಗಡಿಯಲ್ಲಿ ಸಿಗುತ್ತದೆ.

ಇದು ಬಡವರ ಜುಗಾಡು ಎಂದು ತಿಳಿಯಬೇಡಿ. ಮಹೀಂದ್ರಾದವರು ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಆ ಜೀಪಿನ ಹಳೇ ಕೈಪಿಡಿಯಲ್ಲೇ ಸ್ಪ್ರಿಂಗ್ ಕಾಟಾದ ಕೆಲಸ ಇದೆ. ಮುಂದಿನ ಗಾಲಿ ತಿರುಗುವ ಗೆಣ್ಣಿನ ಬೇರಿಂಗು ಎಷ್ಟು ಬಿಗಿ ಇರಬೇಕು ಎಂದು ನೋಡಲು ಟೈ ರಾಡ್ ಬಿಚ್ಚಿ, ಆ ತೂತಿಗೆ ಕಾಟಾ ಸಿಕ್ಕಿಸಿ ಎಳೆಯಬೇಕು. ಆಯಿಲ್ ಸೀಲ್ ತೆಗೆದಿಟ್ಟಾಗ 12ರಿಂದ 16 ಪೌಂಡು, ಅಂದರೆ ಸುಮಾರು ಐದೂವರೆಯಿಂದ ಏಳು ಕೆಜಿ ಬಲಕ್ಕೆ ಗೆಣ್ಣು ತಿರುಗಬೇಕು. ಕಡಿಮೆ ಬಂದರೆ ತೆಳು ತಗಡಿನ ಶಿಮ್ ಒಂದು ತೆಗೆಯುವುದು, ಹೆಚ್ಚಾದರೆ ಒಂದು ಸೇರಿಸುವುದು. ಹಳೇ ಜೀಪಿನ ಸ್ಟೀರಿಂಗ್ ಗಡಗಡ ಒದರುತ್ತದೆ ಎಂದು ಟೈರು ಬದಲಿಸಿ ದುಡ್ಡು ಕಳೆದವರನ್ನು ನಾನು ಬಹಳ ನೋಡಿದ್ದೇನೆ. ಅದರಲ್ಲಿ ಎಷ್ಟೋ ಗಾಡಿಗೆ ಬೇಕಾಗಿದ್ದದ್ದು ಒಂದು ಕಾಟಾ ಮತ್ತು ಒಂದು ಶಿಮ್.

ಹಿಡಿಕೆ ಮಾಡಿಕೊಳ್ಳುವುದು

ನಾನು ಮಾಡಿಕೊಂಡದ್ದು ಹೀಗೆ. ಅರ್ಧ ಇಂಚಿನ ಚೌಕದ ಬಾಕ್ಸ್ ಪಾನಾ ಸೆಟ್ಟಿನ ಗಟ್ಟಿ ಎಲ್ ಹಿಡಿಕೆ ಒಂದಿತ್ತು. ಅದರ ಮೇಲೆ ಬಿಗಿಯಾಗಿ ಕೂರುವ ಜಿಐ ಪೈಪು ಗುಜರಿಯಲ್ಲಿ ಸಿಕ್ಕಿತು. ಪೈಪು ಹಿಡಿಕೆಯ ಮೇಲೆ ಕನಿಷ್ಠ ಒಂದು ಗೇಣು ಕೂತಿರಬೇಕು, ಅಲುಗಾಡಬಾರದು. ಅಲುಗಾಡಿದರೆ ಒಂದು ಬೋಲ್ಟು ಅಡ್ಡ ಹಾಕಿರಿ. ಆಮೇಲೆ ಪೈಪಿನಲ್ಲಿ ಎರಡು ತೂತು ಕೊರೆಸಿದೆ. ಒಂದು ನಟ್ಟಿನ ನಡುಮಧ್ಯದಿಂದ ಸರಿಯಾಗಿ 50 ಸೆಂಟಿಮೀಟರಿಗೆ, ಇನ್ನೊಂದು ಸರಿಯಾಗಿ 100ಕ್ಕೆ. ಅಳತೆ ಹಿಡಿಯಬೇಕಾದ್ದು ಬಾಕ್ಸಿನ ನಡುವಿನಿಂದ, ಹಿಡಿಕೆ ಶುರುವಾಗುವ ಕಡೆಯಿಂದಲ್ಲ. ಎರಡು ತೂತಿಗೂ ಸೈಕಲ್ ಕಡ್ಡಿ ದಪ್ಪದ ತಂತಿಯ ಬಳೆ ಹಾಕಿದ್ದೇನೆ. ಕಾಟಾದ ಕೊಕ್ಕೆ ಅದಕ್ಕೆ ಸಿಗುತ್ತದೆ.

ಇದರ ಲಾಭ ಏನೆಂದರೆ ಲೆಕ್ಕವೇ ಬೇಕಾಗುವುದಿಲ್ಲ. ಒಂದು ಮೀಟರಿನ ತೂತಿಗೆ ಹಾಕಿದರೆ ಪುಸ್ತಕದ ಅಂಕಿಯೇ ಕಾಟಾದ ಅಂಕಿ. ಅರ್ಧ ಮೀಟರಿನ ತೂತಿಗೆ ಹಾಕಿದರೆ ಅದರ ಎರಡು ಪಟ್ಟು. ಸಣ್ಣ ಬಿಗಿಗೆ ಅರ್ಧ ಮೀಟರ್, ದೊಡ್ಡದಕ್ಕೆ ಒಂದು ಮೀಟರ್. ಕಾಟಾದ ಮುಳ್ಳು ಅದರ ಅಳತೆಯ ನಡುಭಾಗದಲ್ಲಿ ನಿಲ್ಲುವಂತೆ ನೋಡಿಕೊಂಡರೆ ಓದುವುದು ಸಲೀಸು. 50 ಕೆಜಿ ಕಾಟಾದಲ್ಲಿ 2 ಕೆಜಿ ಓದಹೋದರೆ ಅದು ಮತ್ತೆ ಅಂದಾಜೇ.

ಈಗಿನ ಪುಸ್ತಕಗಳಲ್ಲಿ ಬಿಗಿಯನ್ನು ನ್ಯೂಟನ್-ಮೀಟರ್ ಎಂದು ಕೊಟ್ಟಿರುತ್ತಾರೆ. ಅದನ್ನು ಹತ್ತರಿಂದ ಭಾಗಿಸಿ. ಸರಿಯಾಗಿ ಭಾಗಿಸಬೇಕಾದ್ದು 9.8ರಿಂದ, ಆದರೆ ನಮ್ಮ ಕೆಲಸಕ್ಕೆ ಹತ್ತು ನಡೆಯುತ್ತದೆ. 60 ಎಂದಿದ್ದರೆ 6 ಕೆಜಿ-ಮೀಟರ್. ಹಳೇ ಇಂಗ್ಲಿಷ್ ಗಾಡಿಗಳ ಪುಸ್ತಕದಲ್ಲಿ ಪೌಂಡು-ಅಡಿ ಇರುತ್ತದೆ. ಅದನ್ನು ಸುಮಾರು ಏಳರಿಂದ ಭಾಗಿಸಬೇಕು.

ಕಾಟಾ ಸರಿ ಇದೆಯೋ ಎಂದು ಮೊದಲು ನೋಡಿಕೊಳ್ಳಿ. ಇದಕ್ಕೆ ಯಾರ ಹತ್ತಿರವೂ ಹೋಗಬೇಕಾಗಿಲ್ಲ. ಒಂದು ಲೀಟರ್ ನೀರು ಒಂದು ಕೆಜಿ. ಖಾಲಿ ಕ್ಯಾನು ತೂಗಿ, ಅದರಲ್ಲಿ ಲೀಟರ್ ಬಾಟಲಿಯಿಂದ ಅಳೆದು 10 ಲೀಟರ್ ನೀರು ಹಾಕಿ ಮತ್ತೆ ತೂಗಿ. ಹತ್ತು ಕೆಜಿ ಹೆಚ್ಚು ತೋರಿಸಬೇಕು. 20 ಲೀಟರಿಗೂ ಹೀಗೆ ನೋಡಿ. ಎರಡು ಕಡೆಯೂ ಅರ್ಧ ಕೆಜಿ ಕಡಿಮೆ ತೋರಿಸಿದರೆ ಅದನ್ನು ಕಾಟಾದ ಮೇಲೆಯೇ ಬರೆದಿಡಿ, ಬಳಸುವಾಗ ಕಳೆದರಾಯಿತು. ಒಂದೊಂದು ಸಲ ಒಂದೊಂದು ತೋರಿಸುವ ಕಾಟಾವನ್ನು ಮಾತ್ರ ಬಿಸಾಡಿರಿ.

ಇನ್ನೊಂದು ಸಣ್ಣ ಮಾತು. ಸ್ಪ್ರಿಂಗ್ ಕಾಟಾವನ್ನು ತೂಗುಹಾಕಿದಾಗ ಸೊನ್ನೆಗೆ ನಿಲ್ಲಿಸಿರುತ್ತಾರೆ. ಅಡ್ಡ ಮಲಗಿಸಿ ಎಳೆಯುವಾಗ ಕೊಕ್ಕೆಯ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ, ಆದ್ದರಿಂದ ಮುಳ್ಳು ಸ್ವಲ್ಪ ಹಿಂದೆ ಸರಿಯುತ್ತದೆ. ಅಡ್ಡ ಹಿಡಿದೇ ಮತ್ತೊಮ್ಮೆ ಸೊನ್ನೆ ಮಾಡಿಕೊಳ್ಳಿ.

ಎಳೆಯುವ ಕ್ರಮ

ಮುಖ್ಯವಾದದ್ದು ಎಳೆಯುವ ದಿಕ್ಕು. ಹಿಡಿಕೆಗೂ ಕಾಟಾಕ್ಕೂ ನಡುವೆ ಗುಂಡಿಯ ಮೂಲೆಯಂತೆ ಸರಿಯಾದ ಕಾಟಕೋನ ಇರಬೇಕು. ನೇರ ಬಿಟ್ಟು 15 ಡಿಗ್ರಿ ಓರೆಯಾದರೆ ನೂರಕ್ಕೆ ಮೂರರಷ್ಟು ವ್ಯತ್ಯಾಸ, ಅದು ನಡೆದೀತು. 30 ಡಿಗ್ರಿ ಓರೆಯಾದರೆ ನೂರಕ್ಕೆ ಹದಿಮೂರು ಕಡಿಮೆ. ಕಾಟಾ 12 ತೋರಿಸಿದರೂ ಬೋಲ್ಟಿಗೆ ಮುಟ್ಟಿದ್ದು 10.4 ಅಷ್ಟೆ. 45 ಡಿಗ್ರಿಗೆ ಹೋದರೆ ಎಂಟೂವರೆ. ಬೋಲ್ಟು ತಿರುಗಿದಂತೆ ಹಿಡಿಕೆಯೂ ತಿರುಗುತ್ತದೆ, ಎಳೆಯುವವನೂ ಅದರ ಜೊತೆ ಸರಿಯಬೇಕು. ಗಾಣದ ಎತ್ತು ಸುತ್ತಿದ ಹಾಗೆ.

ಜಗ್ಗಬಾರದು. ನಿಧಾನವಾಗಿ, ಒಂದೇ ಸಮನೆ ಎಳೆಯಬೇಕು. ಬೋಲ್ಟು ಇನ್ನೂ ಮೆಲ್ಲಗೆ ತಿರುಗುತ್ತಿರುವಾಗಲೇ ಅಂಕಿ ಓದಬೇಕು. ನಿಂತ ಬೋಲ್ಟನ್ನು ಕದಲಿಸಲು ಹೆಚ್ಚು ಬಲ ಬೇಕು. ಎತ್ತು ನಿಂತ ಬಂಡಿಯನ್ನು ಎಳೆಯುವಾಗ ಹೆಚ್ಚು ತ್ರಾಸು ಪಡುವುದಿಲ್ಲವೇ, ಹಾಗೆ. ಮುಳ್ಳು 16ರ ತನಕ ಏರಿ "ಚಿಟ್" ಎಂದು ಕದಲಿತು ಎಂದರೆ ಆ 16 ಲೆಕ್ಕಕ್ಕಿಲ್ಲ. ಕಾಲು ಸುತ್ತು ಸಡಿಲಿಸಿ ಮತ್ತೆ ಎಳೆಯಿರಿ.

ಇದು ಇಬ್ಬರ ಕೆಲಸ. ಒಬ್ಬರು ಎಡಗೈಯಿಂದ ಬಾಕ್ಸಿನ ತಲೆ ಓರೆಯಾಗದಂತೆ ಹಿಡಿಯಬೇಕು, ಇನ್ನೊಬ್ಬರು ಎಳೆಯಬೇಕು. ನಮ್ಮಲ್ಲಿ ಎಳೆಯುವುದು ನಾನು, ತಲೆ ಹಿಡಿದು ಅಂಕಿ ಕೂಗುವುದು ಮಗಳು. ಉದ್ದದ ಎಕ್ಸ್‌ಟೆನ್ಷನ್ ರಾಡು ಹಾಕಿದರೆ ಬಿಗಿ ಬದಲಾಗುವುದೇ ಎಂದು ಕೆಲವರು ಕೇಳಿದ್ದಾರೆ. ಅದು ಬೋಲ್ಟಿನ ನೇರಕ್ಕೇ ಇದ್ದರೆ ಬದಲಾಗುವುದಿಲ್ಲ.

ನಮ್ಮದು ಹಳೇ ಓಮ್ನಿ, ಕಾರ್ಬ್ಯುರೇಟರ್ ಕಾಲದ 796 ಸಿಸಿ ಎಂಜಿನ್ನು. ಅದರ ಹೆಡ್ ಬೋಲ್ಟಿಗೆ ನನ್ನ ಹತ್ತಿರ ಇರುವ ಕೈಪಿಡಿಯಲ್ಲಿ 5.5ರಿಂದ 6 ಕೆಜಿ-ಮೀಟರ್ ಎಂದಿದೆ. ನಿಮ್ಮದಕ್ಕೆ ನಿಮ್ಮ ಗಾಡಿಯ ವರ್ಷದ ಪುಸ್ತಕವನ್ನೇ ನೋಡಿ. ಈಗ ಮೊಬೈಲಿನಲ್ಲೂ ಹುಡುಗರು ತೆಗೆದು ಕೊಡುತ್ತಾರೆ. ಸೀಟು ಎತ್ತಿದರೆ ಎಂಜಿನ್ನು ಕಾಣುತ್ತದೆ, ಅರ್ಧ ಮೀಟರ್ ಹಿಡಿಕೆ ಆಡಿಸಲು ಜಾಗ ಸಾಕು. ಒಂದೇ ಸಲಕ್ಕೆ ಪೂರಾ ಬಿಗಿಯಬಾರದು. ನಡುವಿನ ಬೋಲ್ಟಿನಿಂದ ಶುರು ಮಾಡಿ ಹೊರಗಿನ ಕಡೆ, ಈ ಬದಿ ಆ ಬದಿ ಎಂದು ದಾಟಿಸುತ್ತ ಹೋಗಬೇಕು. ಮೊದಲ ಸುತ್ತಿಗೆ ಕಾಟಾದಲ್ಲಿ 4, ಎರಡನೇ ಸುತ್ತಿಗೆ 8, ಕಡೆಗೆ ಹನ್ನೊಂದೂವರೆ. ಬಿಚ್ಚುವಾಗ ಇದರ ತಿರುಗಾಮುರುಗಾ, ಹೊರಗಿನಿಂದ ಒಳಕ್ಕೆ. ಬಿಚ್ಚುವುದಕ್ಕೂ ಕ್ರಮ ಇದೆ ಎಂಬುದನ್ನು ಎಷ್ಟೋ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಿಸಿ ಎಂಜಿನ್ನಿನ ಹೆಡ್ಡನ್ನು ಮುಟ್ಟಲೇಬೇಡಿ, ಸೊಟ್ಟಗಾಗುತ್ತದೆ.

ಅಳತೆ ಎಷ್ಟೇ ಸರಿ ಇದ್ದರೂ ಮರೆಗಳು (ಬೋಲ್ಟಿನ ಸುತ್ತು ಗೀರುಗಳು) ಕೊಳೆಯಾಗಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಇದರ ಕಾರಣ ತಿಳಿದಾಗ ನನಗೇ ಆಶ್ಚರ್ಯವಾಯಿತು. ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆದು ಹಿಡಿಯುತ್ತದೆ. ಉಳಿದ ಒಂಬತ್ತು ಪಾಲು ತಲೆಯ ಕೆಳಗಿನ ಮತ್ತು ಮರೆಯ ತಿಕ್ಕಾಟಕ್ಕೇ ಹೋಗುತ್ತದೆ. ತುಕ್ಕು, ಮಣ್ಣು ಇದ್ದರೆ ಆ ತಿಕ್ಕಾಟ ಇನ್ನೂ ಹೆಚ್ಚಿ, ಕಾಟಾ 12 ತೋರಿಸಿದರೂ ಬೋಲ್ಟು ಒಳಗೆ ಸಡಿಲವೇ ಇರುತ್ತದೆ. ತಿರುಗಿ, ಒಣಗಿದ್ದಾಗ ಬಿಗಿಯಬೇಕಾದ ಬೋಲ್ಟಿಗೆ ಎಣ್ಣೆ ಸುರಿದರೆ ಅದೇ 12ಕ್ಕೆ ಬೋಲ್ಟು ಅತಿಯಾಗಿ ಎಳೆದುಕೊಂಡು ಸೋಲುತ್ತದೆ. ಹಾಗಾಗಿ ತಂತಿ ಬ್ರಶ್ಶಿನಿಂದ ತಿಕ್ಕಿ, ಪುಸ್ತಕದಲ್ಲಿ ಎಣ್ಣೆ ಎಂದಿದ್ದರೆ ಒಂದೆರಡು ಹನಿ, ಇಲ್ಲವಾದರೆ ಒಣಗಿದ್ದೇ. ಗಾಲಿಯ ಸ್ಟಡ್ಡಿಗೆ ಎಣ್ಣೆ, ಗ್ರೀಸು ಹಚ್ಚಬೇಡಿ.

ಹೆಡ್ ಬೋಲ್ಟಿನ ತೂತು ಬುಡದಲ್ಲಿ ಮುಚ್ಚಿರುವ ಎಂಜಿನ್ನುಗಳಲ್ಲಿ ಇನ್ನೊಂದು ಗಂಡಾಂತರ ಇದೆ. ಹೆಡ್ ತೆಗೆದಾಗ ನೀರು, ಎಣ್ಣೆ ಆ ತೂತಿನಲ್ಲಿ ಇಳಿದಿರುತ್ತದೆ. ಅದರ ಮೇಲೆ ಬೋಲ್ಟು ಬಿಗಿದರೆ ನೀರು ಹೊರಗೆ ಬರಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು. ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ಒರೆಸಿ, ಸೈಕಲ್ ಪಂಪಿನಿಂದ ಊದಿ ನೋಡಿಯೇ ಬೋಲ್ಟು ಇಳಿಸಬೇಕು. ಊದುವಾಗ ಮುಖ ದೂರ ಇಡಿ.

ಗಾಲಿಗೆ ನೀರಿನ ಕ್ಯಾನು

ಗಾಲಿಯ ನಟ್ಟಿಗೆ ಕಾಟಾವೂ ಬೇಡ. ಒಂದು ಮೀಟರ್ ಹಿಡಿಕೆಯನ್ನು ನೆಲಕ್ಕೆ ಸಮನಾಗಿ ಅಡ್ಡ ನಿಲ್ಲುವಂತೆ ನಟ್ಟಿಗೆ ಹಾಕಿ, ಬಿಗಿಯುವ ದಿಕ್ಕಿಗೆ ತುದಿ ಕೆಳಗೆ ಬರುವ ಬದಿಯಲ್ಲಿ. ಪುಸ್ತಕದಲ್ಲಿ 9 ಕೆಜಿ-ಮೀಟರ್ ಎಂದಿದೆ ಎಂದುಕೊಳ್ಳಿ. (ಈಗಿನ ಬಹಳ ಸಣ್ಣ ಕಾರುಗಳದು 8ರಿಂದ 12ರ ಒಳಗೆ ಇರುತ್ತದೆ, ಹಳೆಯವಕ್ಕೆ ಇನ್ನೂ ಕಡಿಮೆ.) ಹಿಡಿಕೆಯ ಸ್ವಂತ ಭಾರವೂ ತಿರುಗಿಸುತ್ತದೆ, ಅದನ್ನು ಕಳೆಯಬೇಕು. ಪೈಪು, ಹಿಡಿಕೆ ಸೇರಿ 2 ಕೆಜಿ ತೂಗಿ, ಬೆರಳ ಮೇಲೆ ಇಟ್ಟರೆ ಅರ್ಧ ಮೀಟರಿನಲ್ಲಿ ಸಮತೂಕ ನಿಂತರೆ ಅದರ ಪಾಲು 2ರ ಅರ್ಧ, ಅಂದರೆ 1. ಉಳಿದದ್ದು 8. ಅರ್ಧ ಕೆಜಿಯ ಕ್ಯಾನಿನಲ್ಲಿ ಏಳೂವರೆ ಲೀಟರ್ ನೀರು ತುಂಬಿ ತುದಿಯ ಬಳೆಗೆ ಮೆಲ್ಲಗೆ ಇಳಿಬಿಡಿ. ಹಿಡಿಕೆ ಇಳಿಯುತ್ತ ಹೋದರೆ ನಟ್ಟು ಸಡಿಲವಿದೆ. ಕ್ಯಾನು ಎತ್ತಿ, ಹಿಡಿಕೆಯನ್ನು ಮತ್ತೆ ಅಡ್ಡಕ್ಕೆ ತಂದು ಇನ್ನೊಮ್ಮೆ ಇಳಿಬಿಡಿ. ಅಡ್ಡಕ್ಕೇ ನಿಂತಿತೆಂದರೆ ಆ ನಟ್ಟು ಮುಗಿಯಿತು. ನೋಡಿದವರು ನಗುತ್ತಾರೆ, ನಗಲಿ.

ನಾಲ್ಕು ನಟ್ಟಿದ್ದರೆ ಎದುರು ಬದುರು ಬಿಗಿಯಿರಿ. ಮೊದಲು ಜಾಕಿನ ಮೇಲೆ ಇದ್ದಾಗ ಕೈಯಿಂದ ಕೂರಿಸಿ, ಕಡೆಯ ಬಿಗಿಯನ್ನು ಗಾಲಿ ನೆಲಕ್ಕೆ ಕೂತ ಮೇಲೆ ಕೊಡಬೇಕು. ಪಂಕ್ಚರ್ ಅಂಗಡಿಯಿಂದ ಬಂದ ಗಾಡಿಯ ನಟ್ಟನ್ನು ಮನೆಯಲ್ಲಿ ಒಮ್ಮೆ ಸಡಿಲಿಸಿ ಹೀಗೆ ಮತ್ತೆ ಬಿಗಿಯುವುದು ನನ್ನ ರೂಢಿ. ಆಮೇಲೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಸಣ್ಣ ಬೋಲ್ಟುಗಳೇ ಹೆಚ್ಚು ಮುರಿಯುವುದು ಏಕೆ ಎಂಬುದೂ ಈ ಲೆಕ್ಕದಿಂದ ಗೊತ್ತಾಗುತ್ತದೆ. 10 ನಂಬರಿನ ಪಾನಾ ಹಿಡಿಯುವ 6 ಮಿಲಿಮೀಟರ್ ಬೋಲ್ಟಿಗೆ, ತಲೆಯ ಮೇಲೆ 8.8 ಎಂದಿದ್ದರೂ, ಬೇಕಾದ್ದು ಸುಮಾರು 1 ಕೆಜಿ-ಮೀಟರ್. ಒಂದು ಗೇಣಿಗಿಂತ ಗಿಡ್ಡ, 15 ಸೆಂಟಿಮೀಟರ್ ಪಾನಾ ಹಿಡಿದರೆ ಏಳು ಕೆಜಿಗೂ ಕಡಿಮೆ ಬಲಕ್ಕೆ ಅದು ಬಂತು. ಸನಿಕೆ ಹಿಡಿಯುವ ನಮ್ಮ ಕೈ ಒಂದೇ ಎಳೆತಕ್ಕೆ ಇಪ್ಪತ್ತು ಕೆಜಿ ಹಾಕುತ್ತದೆ. 8 ಮಿಲಿಮೀಟರ್ ಬೋಲ್ಟಿಗೆ ಎರಡೂವರೆ, 10ಕ್ಕೆ ಐದು ಹತ್ತಿರ. ಇವು ಕಬ್ಬಿಣಕ್ಕೆ ಕಬ್ಬಿಣ ಕೂರುವ ಕಡೆಯ ಮಾತು. ಅಲ್ಯೂಮಿನಿಯಂ ಒಳಗೆ ಹೋಗುವ ಬೋಲ್ಟಿಗೆ ಇನ್ನೂ ಹಗುರ ಕೈ ಬೇಕು. ಈ ಸಣ್ಣವಕ್ಕೆ ನನ್ನ ಪೈಪು ಬಹಳ ದೊಡ್ಡದು. ಅಲ್ಲಿ ಗಿಡ್ಡ ಪಾನಾದ ಕೊನೆಗೆ 10 ಕೆಜಿಯ ಸಣ್ಣ ಕಾಟಾ ಕಟ್ಟಿ ಎರಡು ಮೂರು ಸಲ ಎಳೆದು ನೋಡಿ. ಕೈಗೆ ಆ ಬಿಗಿಯ ನೆನಪು ಉಳಿಯುತ್ತದೆ.

ಫ್ಯಾನ್ ಬೆಲ್ಟಿಗೂ ಇದೇ ಕಾಟಾ ಬರುತ್ತದೆ. ಎರಡು ಪುಲ್ಲಿಗಳ ನಡುವೆ ಬೆಲ್ಟಿಗೆ ಕೊಕ್ಕೆ ಹಾಕಿ 10 ಕೆಜಿ ಎಳೆದಾಗ ಎಷ್ಟು ಮಿಲಿಮೀಟರ್ ಬಾಗಬೇಕು ಎಂದು ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಸಣ್ಣ ಕಾರಿಗೆ ಅದು ಒಂದು ಬೆರಳಿನ ಅರ್ಧ ದಪ್ಪದಷ್ಟು.

ಕೊಳ್ಳುವುದೇ ಆದರೆ

ಊರಿಗೆ ಒಂದು ಟಾರ್ಕ್ ರೆಂಚ್ ಸೇರಿ ಕೊಳ್ಳುವುದಾದರೆ ನನ್ನ ಮತ ಕಡ್ಡಿ ಮುಳ್ಳಿನದಕ್ಕೆ. ಒಂದು ದಪ್ಪ ಕಡ್ಡಿ ಬಾಗುತ್ತದೆ, ಪಕ್ಕದ ತೆಳು ಮುಳ್ಳು ಅಂಕಿ ತೋರಿಸುತ್ತದೆ. ಕೆಡುವಂಥ ಭಾಗವೇ ಅದರಲ್ಲಿ ಇಲ್ಲ. ಗುಜರಿಯಲ್ಲಿ ಹಳೆಯದು ಸಿಕ್ಕಿದರೂ ತಗೊಳ್ಳಬಹುದು. ಮುಳ್ಳು ಸೊನ್ನೆಗೆ ನಿಂತಿಲ್ಲದಿದ್ದರೆ ಮೆಲ್ಲಗೆ ಬಗ್ಗಿಸಿ ಸೊನ್ನೆಗೆ ತಂದರಾಯಿತು. "ಟಕ್" ಎಂದು ಸದ್ದು ಮಾಡುವ ಬಗೆ ಬಳಸಲು ಸುಲಭ, ಆದರೆ ಎರಡನೇ ಕೈಯದನ್ನು ನಂಬುವುದು ಕಷ್ಟ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕಡಿಮೆ ಅಂಕಿಗೆ ಇಳಿಸಿ ಇಡಬೇಕು. ಹಿಂದಿನ ಯಜಮಾನ ಹಾಗೆ ಇಟ್ಟಿದ್ದನೋ ಇಲ್ಲವೋ ಯಾರಿಗೆ ಗೊತ್ತು. ಯಾವ ಬಗೆಯದನ್ನೇ ತನ್ನಿ, ಬಿಚ್ಚುವುದಕ್ಕೆ ಅದನ್ನು ಬಳಸಬೇಡಿ.

ಒಂದು ಕಡೆ ಮಾತ್ರ ನನ್ನ ಪೈಪೂ ಕಾಟಾವೂ ಸಾಲವು. ಹೊಸ ಕಾರುಗಳ ಎಂಜಿನ್ನಿನಲ್ಲಿ ಕೆಲವು ಬೋಲ್ಟುಗಳಿಗೆ ಮೊದಲು ಇಷ್ಟು ಬಿಗಿ, ಆಮೇಲೆ 90 ಡಿಗ್ರಿ ತಿರುಗಿಸಿ ಎಂದು ಬರೆದಿರುತ್ತದೆ. ಅವು ಬಿಗಿದಾಗ ಬೇಕೆಂದೇ ಎಳೆದುಕೊಳ್ಳುವ ಬೋಲ್ಟುಗಳು. ಬಹಳ ಗಾಡಿಗಳಲ್ಲಿ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಪುಸ್ತಕದಲ್ಲಿ ಡಿಗ್ರಿ ಎಂಬ ಮಾತು ಕಂಡರೆ ಅಲ್ಲಿಗೆ ನಿಲ್ಲಿಸಿ, ಆ ಕೆಲಸ ಗೊತ್ತಿರುವ ಮಿಸ್ತ್ರಿಯ ಹತ್ತಿರ ಒಯ್ಯಿರಿ. ಒಯ್ಯುವಾಗ ಬೋಲ್ಟು ಹೊಸವು ಹಾಕುತ್ತೀರಾ ಎಂದು ಮೊದಲೇ ಕೇಳಿ.